ಗೆರೆಮಾವ ತುಂಬಿಸಿದ ಬಿಳಿ ಜಾಗ

ನನ್ನ ಸೋದರಮಾವನನ್ನು ಮನೆಮಂದಿಯೆಲ್ಲ ಗೆರೆಮಾವ ಎನ್ನುತ್ತಿದ್ದೆವು. ಮೂವತ್ತು ವರ್ಷ ನಕ್ಷೆ ಕಚೇರಿಯಲ್ಲಿ ಕೂತು ಕಂದು ಶಾಯಿಯ ಗೆರೆಗಳಲ್ಲಿ ಬೆಟ್ಟ ಬರೆದವನು. ಜೀವಮಾನದಲ್ಲಿ ಒಂದು ಬೆಟ್ಟವನ್ನೂ ಹತ್ತಿದವನಲ್ಲ. ಮೆಟ್ಟಿಲು ಕಂಡರೇ ಏದುಸಿರು ಬಿಡುತ್ತಿದ್ದ ಪುಣ್ಯಾತ್ಮ!

ನಿವೃತ್ತನಾದ ಮೇಲೆ ಅವನ ಕೋಣೆಯಲ್ಲಿ ಒಂದು ಕಾಡುಬೆಟ್ಟದ ಹಳೇ ನಕ್ಷೆ ಗೋಡೆಗೆ ಮುಖಮಾಡಿ ತೂಗುತ್ತಿತ್ತು. ಊಟ ಕೊಡಲು ಹೋದಾಗ ನಾನು ಅದನ್ನು ತಿರುಗಿಸಿ ಹಾಕಿದರೆ ರೇಗುತ್ತಿದ್ದ. "ಅದು ನನ್ನನ್ನೇ ನೋಡುತ್ತೆ ಕಣೇ," ಎಂದ ಒಮ್ಮೆ.

ಹೋದ ವರ್ಷ ಒಬ್ಬ ಹೆಂಗಸು ಅದೇ ನಕ್ಷೆಯ ಇನ್ನೊಂದು ಪ್ರತಿ ಹಿಡಿದು ಬಾಗಿಲಿಗೆ ಬಂದಳು. ಹನ್ನೊಂದು ವರ್ಷದ ಹಿಂದೆ ಆ ಕಾಡಿನಲ್ಲಿ ಕಾಣೆಯಾದ ಫಾರೆಸ್ಟ್ ಗಾರ್ಡ್‌ನ ಹೆಂಡತಿ.

ನಕ್ಷೆಯ ಮೇಲೆ ಬೆರಳಿಟ್ಟಳು. "ಇದನ್ನ ನೋಡಿಯೇ, ಈ ಕಡೆಯಿಂದ ಇಳಿದ್ರೆ ಬೇಗ ಮನೆ ಸೇರ್ತೀನಿ ಅಂದಿದ್ರು. ಬರಲೇ ಇಲ್ಲ. ಇಷ್ಟು ಸಲೀಸು ಇಳಿಜಾರಲ್ಲಿ ಯಾರಿಗೇನಾಗುತ್ತೆ, ಎಲ್ಲೋ ಬೇರೆ ಸಂಸಾರ ಹೂಡಿರಬೇಕು ಅಂತ ಇಲಾಖೆಯವರು ಹುಡುಕೋದನ್ನೇ ಬಿಟ್ರು. ಇದನ್ನ ಬರೆದವರು ನೀವಂತೆ. ಒಂದೇ ಮಾತು ಹೇಳಿ, ಅವರು ನನ್ನ ಬಿಟ್ಟು ಹೋದ್ರಾ?"

ಮಾವ ಬಿಳುಚಿಕೊಂಡ. ನಕ್ಷೆಯಲ್ಲಿ ಗೆರೆಗಳು ಒತ್ತಾಗಿದ್ದರೆ ಕಡಿದಾದ ಜಾಗ, ದೂರದೂರವಿದ್ದರೆ ಸಲೀಸು. ಅವಳು ತೋರಿಸಿದ ಕಡೆ ಗೆರೆಗಳು ದೂರದೂರವಿದ್ದವು.

"ಮಂಜು ಅಂತ ಅಳತೆಯವರು ಅಲ್ಲಿಗೆ ಹೋಗಲೇ ಇಲ್ಲಮ್ಮ. ಅಂಥ ಜಾಗ ಬಿಳಿಯಾಗೇ ಬಿಡಬೇಕು, ಅದು ನಿಯಮ. ಹಾಳೆಗೆ ತೂತು ಬಿದ್ದ ಹಾಗೆ ಕಾಣುತ್ತೆ, ತುಂಬಿಸು ಅಂದ್ರು ಸಾಹೇಬರು. ಈಚೆ ಗೆರೆನ ಆಚೆ ಗೆರೆಗೆ ಸೇರಿಸಿಬಿಟ್ಟೆ. ಅಂದವಾಗಿ ಕಂಡಿತು."

ಅವರ ಅಂದಕ್ಕಿಷ್ಟು ಬೆಂಕಿ ಬೀಳ!

"ಅಚ್ಚಾದ ಮೇಲೆ ಆ ಕಡೆ ಹೋಗಿಬಂದವನೊಬ್ಬ ಹೇಳಿದ, ಅಲ್ಲಿರೋದು ಪ್ರಪಾತ ಅಂತ. ಕೆಲಸ ಹೋಗುತ್ತೆ ಅಂತ ಹೆದರಿ ತೆಪ್ಪಗಿದ್ದೆ."

ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಅಂದ್ರೆ ಮನೆಗೇ ಬರ್ತಿದ್ರು," ಎಂದಳು. "ನನ್ನ ಹತ್ರಾನೇ ಬರ್ತಿದ್ರು!" ಅಯ್ಯೋ, ನನಗೂ ಅಳು ತಡೆಯಲಾಗಲಿಲ್ಲ.

ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು. "ಅವರು ಕಾಣೆಯಾಗಿದ್ದು ಪೇಪರಲ್ಲಿ ಬಂದಿತ್ತು. ನೀವು ಓದಿದ್ರಾ?"

"ಓದಿದೆ," ಎಂದ ಮಾವ. "ಆವತ್ತೇ."

"ಆವತ್ತಿಗೆ ಅವರು ಕಾಡಿಗೆ ಹೋಗಿ ಎರಡೇ ದಿನ ಆಗಿತ್ತು, ಇನ್ನೂ ಹುಡುಕ್ತಿದ್ರು," ಎಂದಳು ಅವಳು.