ಇದು ನನ್ನ ಗಂಟಲೇನೇ?

ನಮ್ಮಕ್ಕನ ಬೆರಳ ತುದಿಗಳು ಸದಾ ಹಸಿರುಗಪ್ಪು. ಹಿಪ್ಪುನೇರಳೆ ಸೊಪ್ಪಿನ ಕರೆ ಅದು. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಬೆಳಿಗ್ಗೆ ಅವರು ಬೆಂಗಳೂರಿನ ಆಸ್ಪತ್ರೆಗೆ ಹೊರಡಬೇಕಿತ್ತು. ಆದರೂ ನಾನು ಎದ್ದು ಹಿತ್ತಲಿಗೆ ಬರುವಷ್ಟರಲ್ಲಿ ಅವರ ಕೈಗೆ ಹೊಸ ಕರೆ ಹತ್ತಿತ್ತು. ಎಂದಿನಂತೆ ಕೈಕಾಲು ತೊಳೆದು, ಸೊಪ್ಪಿಗೆ ಹೊದಿಸಿದ್ದ ಒದ್ದೆ ಗೋಣಿಯನ್ನು ಮಡಿಸಿಟ್ಟು, ಹುಳುಮನೆಯ ಬಿದಿರಿನ ತಟ್ಟೆಗಳ ಮೇಲೆ ಸೊಪ್ಪು ಹರಡುತ್ತಿದ್ದರು. ಎಂದಿನಂತೆ ಇಲ್ಲದ್ದು ಒಂದೇ. ಅಕ್ಕ ಹಾಡುತ್ತಿರಲಿಲ್ಲ.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ಶಿಡ್ಲಘಟ್ಟದ ಅಂಚಿನ ಆ ಮನೆಗೆ ನಾನು ಸೊಸೆಯಾಗಿ ಬಂದದ್ದು ಅರವತ್ತರ ದಶಕದ ಮೊದಲಲ್ಲಿ. ಕಾನ್ವೆಂಟಿನಲ್ಲಿ ಓದಿ, ಕಸೂತಿ ಹಾಕಿ, ಪಿಯಾನೋದ ಪಕ್ಕದಲ್ಲಿ ಸಾಲಾಗಿ ನಿಂತು ಹಾಡಿ ಬೆಳೆದವಳು ನಾನು. ಮೊದಲ ದಿನ ರೇಷ್ಮೆಹುಳುಗಳ ತಟ್ಟೆಯನ್ನು ಕಂಡು ಕಿಟಾರನೆ ಕಿರುಚಿದ್ದೆ. ಅಕ್ಕ ನಗುತ್ತಾ ಒಂದು ಹುಳುವನ್ನು ಎತ್ತಿ ನನ್ನ ಅಂಗೈಮೇಲೆ ಬಿಟ್ಟಿದ್ದರು. ಅದು ತಣ್ಣಗೆ, ಮೆತ್ತಗೆ, ಆಗತಾನೆ ತೊಳೆದ ಮಗುವಿನ ಬೆರಳಿನಂತೆ ಇತ್ತು.

"ಕಚ್ಚಲ್ಲ ಕಣೇ. ನಿಮ್ಮ ಕಾನ್ವೆಂಟ್ ಮದರ್‌ಗಿಂತ ಸಾಧು ಇದು" ಅಂದಿದ್ದರು.

ಸೊಪ್ಪು ಹಾಕುವಾಗ ಹಾಡುವುದು ಅಕ್ಕನ ಪದ್ಧತಿ. ಹಾಡು ಅವರೇ ಕಟ್ಟಿಕೊಂಡದ್ದು. "ತಿನ್ನಿರಮ್ಮ ತಿನ್ನಿ, ತೌರಿನ ಸೊಪ್ಪು ತಿನ್ನಿ, ಹೊದ್ದು ಮಲಗೋಕೆ ಹೊನ್ನಿನ ಮನೆ ಕಟ್ಟಿ" ಎಂದು ಶುರುವಾಗಿ, ಆ ದಿನ ಮನಸ್ಸಿನಲ್ಲಿ ಏನಿದ್ದರೆ ಅದೆಲ್ಲ ಅದರೊಳಗೆ ಬರುತ್ತಿತ್ತು. ಭಾವನ ಕೋಪ, ಹಾಲು ಒಡೆದದ್ದು, ಮಳೆ ಬಾರದ್ದು. "ಹಾಡ್ದೆ ಹಾಕಿದ್ರೂ ಮೇಯ್ತವೆ, ಮನಸ್ಸಿಟ್ಟು ಮೇಯಲ್ಲ" ಎನ್ನುತ್ತಿದ್ದರು. ಆದರೆ ಮದುವೆ ಮನೆಯಲ್ಲಿ ಯಾರಾದರೂ ಹಾಡು ಎಂದರೆ ಕಂಬದ ಹಿಂದೆ ಸರಿಯುತ್ತಿದ್ದರು. ಕೈಯಲ್ಲಿ ಸೊಪ್ಪಿಲ್ಲದೆ ಅವರ ಬಾಯಿಗೆ ಹಾಡು ಬರುತ್ತಿರಲಿಲ್ಲ. ಆ ದನಿಯನ್ನು ಪೂರ್ತಿಯಾಗಿ ಕೇಳಿದ್ದವು ಹುಳುಗಳು, ಹುಳುಮನೆಗೆ ಒತ್ತಿಕೊಂಡಿದ್ದ, ಪಕ್ಕದ ಮನೆಗೂ ನಮಗೂ ನಡುವಿನ ಹಿತ್ತಲ ಗೋಡೆ, ಮತ್ತು ನಾನು.

ಒಂದು ವರ್ಷ ಯುಗಾದಿ ಕಳೆದ ಮೇಲೆ ಅವರ ಗಂಟಲು ಒಡೆಯತೊಡಗಿತು. ಮೆಣಸಿನ ಕಷಾಯ, ಜೇನುತುಪ್ಪ, ಮುರುಗಮಲ್ಲದ ದರ್ಗಾದಿಂದ ತಂದ ತಾಯಿತ ಎಲ್ಲವೂ ಆಯಿತು. ಕಡೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ, ಒಳಗೆ ಗಡ್ಡೆಯಿದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಆಪರೇಷನ್ನಿಗೆ ಅವರು ಕೊಟ್ಟ ದಿನ, ನಮ್ಮ ಹುಳುಗಳು ನಾಲ್ಕನೇ ಜ್ವರ ಎದ್ದು ಮೇಯುವ ವಾರದಲ್ಲೇ ಬಿತ್ತು. ರೇಷ್ಮೆಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅವುಗಳ ಹಸಿವಿಗೆ ಹಗಲಿಲ್ಲ, ರಾತ್ರಿಯಿಲ್ಲ.

ವಾಪಸು ಮನೆಗೆ ಬಂದ ಅಕ್ಕ ನೀರು ಕುಡಿದು, ಲೋಟ ಕೆಳಗಿಟ್ಟು, "ಮಾತು ಹೋದ್ರೆ ಹೋಗ್ಲಿ. ಮಾತಾಡಿ ಏನು ಕಡಿದು ಗುಡ್ಡೆ ಹಾಕಿದ್ದೀನಿ? ಹಾಡು ಎಲ್ಲಿಗೆ ಹೋಯ್ತದೆ ಹೇಳು" ಎಂದರು.

ಟೇಪ್ ರೆಕಾರ್ಡರಿನ ಯೋಚನೆ ನನ್ನದು. ನಮ್ಮ ಗೂಡು ಕೊಳ್ಳುತ್ತಿದ್ದ ರೇಷ್ಮೆ ಸಾಹೇಬರ ಮನೆಯಲ್ಲಿ ಒಂದಿತ್ತು. ಸೂಟ್‌ಕೇಸಿನಷ್ಟು ದೊಡ್ಡದು, ಮೇಲೆ ಎರಡು ಚಕ್ರ. ವಿಷಯ ಕೇಳಿದ ಕೂಡಲೇ ಸಾಹೇಬರು ಜಟಕಾದಲ್ಲಿ ತಾವೇ ತಂದರು. ಮೊದಲು ನಡುಮನೆಯಲ್ಲಿ ಚಾಪೆ ಹಾಸಿ ಅಕ್ಕನನ್ನು ಕೂರಿಸಿದೆವು. ಮೈಕಿನ ಎದುರು ಅವರು ಸೆರಗನ್ನು ಬಾಯಿಗೊತ್ತಿಕೊಂಡು ಕೂತರೇ ಹೊರತು ಒಂದು ಸೊಲ್ಲು ಹೊರಡಲಿಲ್ಲ. ಯಂತ್ರವನ್ನು ಹುಳುಮನೆಗೇ ಒಯ್ಯಬೇಕಾಯಿತು. ಸಾಹೇಬರು ಅತ್ತರು ಹಚ್ಚುತ್ತಿದ್ದವರು. ಆ ವಾಸನೆ ಹುಳುಗಳಿಗೆ ಆಗದು. ಹಾಗಾಗಿ ಅವರು ಅಂಗಳದಾಚೆ ಬೇವಿನ ಮರದ ಕೆಳಗೆ ನಿಂತು, "ಆ ಕೆಂಪು ಬಟನ್ ಒತ್ತಮ್ಮಾ! ಕೆಂಪು!" ಎಂದು ಕೂಗಿ ಹೇಳುತ್ತಿದ್ದರು. ನಾನು ಯಂತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಲ್ಬಿನ ಹೋಲ್ಡರಿಗೆ ವೈರು ಸಿಕ್ಕಿಸಿ ಕೆಂಪು ಗುಂಡಿ ಒತ್ತಿದೆ. ಅಕ್ಕ ಸೊಪ್ಪು ಕೈಗೆತ್ತಿಕೊಂಡರು. ಗಂಟಲು ನೋಯುತ್ತಿದ್ದರೂ ಹಾಡಿದರು. ಸುತ್ತ ಸಾವಿರಾರು ಹುಳುಗಳು ಎಲೆ ಕಡಿಯುವ ಸರಸರ ಸದ್ದು.

ಯಂತ್ರವನ್ನು ನಡುಮನೆಗೆ ತಂದು ತಿರುಗಿಸಿ ಕೇಳಿಸಿದೆ. ಅಕ್ಕ ಮುಖ ಮುಂದೆ ಚಾಚಿ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಮುಖ ಬಿಳುಚಿಕೊಂಡಿತು.

"ಇದು ನನ್ನ ಗಂಟಲೇನೇ?"

"ನಿಮ್ಮದೇ ಅಕ್ಕಾ. ನನ್ನ ದನಿಯೂ ನನಗೆ ಬೇರೆ ಯಾರದೋ ಥರ ಕೇಳಿಸ್ತು ನೋಡಿ, 'ಶುರು ಮಾಡಿ' ಅಂದದ್ದು. ಯಾರಿಗಾದರೂ ಹಾಗೇ ಅಂತೆ."

"ನಿನ್ನ ಗಂಟಲಿಗೆ ಕಾಯಿಲೆ ಇಲ್ವಲ್ಲ." ಅಕ್ಕ ಚಕ್ರಗಳನ್ನೇ ನೋಡುತ್ತಿದ್ದರು. "ನನ್ನ ಹಾಡನ್ನ ಆ ಕಾಯಿಲೆ ಆಗ್ಲೇ ತಿಂದುಬಿಟ್ಟೈತೆ. ಇದು ಹುಳ ತಿಂದು ಬಿಟ್ಟ ಕಡ್ಡಿ ಕಣೇ."

ಅಲ್ಲಿಂದ ಶುರುವಾಯಿತು ಅವರ ಹುಡುಕಾಟ. ಹೊರಡುವುದರೊಳಗೆ ಯಾರಾದರೂ ಒಬ್ಬರು ಹೇಳಬೇಕು, ಇದು ಅವರ ದನಿಯೇ, ಕಾಯಿಲೆ ಮುಟ್ಟುವ ಮುಂಚಿನ ದನಿಯೇ ಎಂದು. ಭಾವನನ್ನು ಹಿಡಿದು ಕೂರಿಸಿ ಕೇಳಿಸಿದರು. ಭಾವ ತಲೆ ತಗ್ಗಿಸಿ ಕೇಳಿ, ಎದ್ದು ಹೆಗಲ ಮೇಲೆ ಟವೆಲ್ ಹಾಕಿಕೊಂಡು, "ಮಿಷನ್ನು ಭಾರಿ ಚೆನ್ನಾಗೈತೆ. ಎಲ್ಲಿಂದ ತರಿಸಿದ್ನಂತೆ ಸಾಹೇಬ?" ಎಂದು ಹೊರಗೆ ಹೋದರು. ಜಗಲಿಯ ಕಂಬ ಹಿಡಿದು ನಿಂತ ಅವರ ಬೆನ್ನು ಅಲುಗುತ್ತಿದ್ದದ್ದು ನನಗೆ ಕಿಟಕಿಯಿಂದ ಕಂಡಿತು. ಅಕ್ಕನಿಗೆ ಕಾಣಲಿಲ್ಲ.

ಸಾಹೇಬರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೇಳಿದರು. ಅಕ್ಕ ಬಾಗಿಲ ಮರೆಯಲ್ಲಿ ನಿಂತಿದ್ದರು. "ವಾಹ್, ವಾಹ್! ಮಳೆ ಸದ್ದು ಎಷ್ಟು ಚೆನ್ನಾಗಿ ಬಂದೈತೆ! ಆವತ್ತು ಮಳೆ ಎಲ್ಲಿತ್ತಮ್ಮಾ?" ಎಂದರು ಸಾಹೇಬರು. ನೂಲು ಬಿಚ್ಚಿಸುವವರು ಅವರು. ಗೂಡು ಕಂಡವರೇ ಹೊರತು ಹುಳು ಮೇಯುವ ಸದ್ದನ್ನು ಒಳಗೆ ನಿಂತು ಎಂದೂ ಕೇಳಿರಲಿಲ್ಲ. ಯಂತ್ರ ಬೆಳೆ ಮುಗಿಯುವವರೆಗೂ ನಿಮ್ಮಲ್ಲೇ ಇರಲಿ ಎಂದು ಹೇಳಿ ಹೋದರು.

"ಗೊತ್ತಿರೋರೆಲ್ಲ ನನ್ನ ಮುಖ ನೋಡ್ಕೊಂಡು ಹೇಳ್ತಾರೆ" ಎಂದರು ಅಕ್ಕ. ಅದಕ್ಕೆ ಒಂದು ಉಪಾಯ ಮಾಡಿದರು. ಹೊರಡುವ ಹಿಂದಿನ ಸಂಜೆ, ದಿಬ್ಬೂರಹಳ್ಳಿ ಕಡೆಯಿಂದ ಸೊಪ್ಪು ಕೊಯ್ಯಲು ಬರುತ್ತಿದ್ದ ಹೆಂಗಸರನ್ನು ಕರೆದು, ಯಾರ ಹಾಡೆಂದು ಹೇಳದೆಯೇ ಕೇಳಿಸಿದರು. ತೋಟದಿಂದ ಹಿತ್ತಲಿಗೆ ಸೊಪ್ಪು ಹೊತ್ತು ತರುವಾಗ ಅಕ್ಕನ ದನಿಯನ್ನು ಅಷ್ಟಿಷ್ಟು ಕೇಳಿದವರೇ ಅವರೆಲ್ಲ. ಹೆಂಗಸರು ಬಾಯಿಮೇಲೆ ಬೆರಳಿಟ್ಟುಕೊಂಡು ಕೇಳಿದರು. ಮುಗಿದ ಮೇಲೆ ಅವರಲ್ಲೊಬ್ಬಳು, "ಯಾವೂರೋಳಕ್ಕಾ ಈಯಮ್ಮ? ಪಾಪ, ಏನೋ ಸಂಕಟ ಇದ್ದಂಗೈತೆ" ಎಂದಳು.

ಅಕ್ಕ ನಕ್ಕರು. "ಯಾರೋ ಕಣಮ್ಮ, ದೂರದೋಳು" ಎಂದು ಅವರಿಗೆಲ್ಲ ಎಲೆಅಡಿಕೆ ಕೊಟ್ಟು ಕಳಿಸಿದರು. ಆಮೇಲೆ ಅಡುಗೆಮನೆಗೆ ಬಂದು, ಮುದ್ದೆ ತೊಳಸುತ್ತಿದ್ದ ನನ್ನ ಹಿಂದೆ ನಿಂತರು.

"ನೀನು ಪಾಠ ಹೇಳಿಸ್ಕೊಂಡು ಹಾಡಿದೋಳು. ನೀನು ಹೇಳು. ಹೆಂಗೈತೆ?"

"ಚೆನ್ನಾಗಿದೆ ಅಕ್ಕಾ."

"ಸಾರಿಗೆ ಉಪ್ಪು ಹಾಕದಿದ್ರೂ ಹಂಗೇ ಅಂತೀಯ ನೀನು."

ಹಿಟ್ಟಿನ ಕೋಲನ್ನು ಪಾತ್ರೆಯ ಅಂಚಿಗೆ ಒರಗಿಸಿದೆ. ನಡುಮನೆಯ ಗೋಡೆಗಳ ನಡುವೆ ಆ ಪೆಟ್ಟಿಗೆಯಿಂದ ಬಂದ ದನಿ ನನಗೂ ಅಪರಿಚಿತವಾಗಿಯೇ ಕೇಳಿಸಿತ್ತು. ಅದಕ್ಕೆ ಕಾರಣ ಯಂತ್ರವೋ ಕಾಯಿಲೆಯೋ ನನಗೆ ತಿಳಿಯದು. ಅಕ್ಕ, "ಅಳಿಸೋಕೆ ಬರ್ತದಾ ಅದನ್ನ?" ಎಂದರು. ಬರುವುದಿಲ್ಲ ಎಂದು ಸುಳ್ಳು ಹೇಳಿದೆ.

ಹೊರಟ ಬೆಳಿಗ್ಗೆ ಕತ್ತಿಗೆ ಬಿಳಿಯ ಟವೆಲ್ ಸುತ್ತಿಕೊಂಡಿದ್ದರು. ಭಾವ ಚೀಲ ಹಿಡಿದು ಮುಂದೆ ನಡೆದರು. ಬಸ್‌ಸ್ಟ್ಯಾಂಡಿನವರೆಗೂ ಅಕ್ಕ ಹುಳುಗಳ ಮಾತನ್ನೇ ಆಡಿದರು: ಒದ್ದೆ ಸೊಪ್ಪು ಹಾಕಬೇಡ, ಇರುವೆಗೆ ಬೂದಿ ಚೆಲ್ಲು, ಹಣ್ಣಾದ ಹುಳುಗಳನ್ನು ತಡಮಾಡದೆ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡು. ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿ ನನ್ನ ಮಣಿಕಟ್ಟು ಹಿಡಿದರು.

"ಒಬ್ರೂ ಹೇಳ್ಲಿಲ್ಲ ನೋಡೇ" ಎಂದರು.

ನಾನು ಕೇಳಿದ ಅಕ್ಕನ ಕಡೆಯ ಮಾತು ಅದು.

ಗೂಡು ಬಿಡಿಸಿ ಮಾರಿದ ಮೇಲೆ ನಾನು ಆಸ್ಪತ್ರೆಗೆ ಹೋದೆ. ಕತ್ತಿನ ನಡುವೆ ಒಂದು ತೂತು, ಅದರ ಮೇಲೆ ತೆಳುವಾದ ಬಟ್ಟೆ. ಉಸಿರಾಡಿದಾಗಲೆಲ್ಲ ಬಟ್ಟೆ ಏಳುತ್ತಿತ್ತು, ಬೀಳುತ್ತಿತ್ತು. ಬೆರಳುಗಳು ಬೆಳ್ಳಗಾಗಿದ್ದವು, ಅವರ ಕೈ ಹಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಅವರು ಹೊರಟ ದಿನ ಸಂಜೆ ಪಕ್ಕದ ಮನೆಯಜ್ಜಿ ಆಡಿದ ಮಾತನ್ನು ಹಾಸಿಗೆಯ ಅಂಚಿನಲ್ಲಿ ಕೂತು ಹೇಳಿದೆ. ಅಕ್ಕ ನನ್ನ ತುಟಿಗಳನ್ನೇ ನೋಡಿದರು. ಬೆರಳೆತ್ತಿ ಇನ್ನೊಮ್ಮೆ ಎಂದರು. ಅಜ್ಜಿಯ ರಾಗದಲ್ಲೇ ಹೇಳಿದೆ. ಮತ್ತೊಮ್ಮೆ ಎಂದರು. ನಕ್ಕಾಗ ಸದ್ದು ಬರಲಿಲ್ಲ, ಕತ್ತಿನ ಬಟ್ಟೆ ಮಾತ್ರ ಪಟಪಟ ಹೊಡೆದುಕೊಂಡಿತು. ಆಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿ, ಅತ್ತರು. ಅದಕ್ಕೂ ಸದ್ದಿರಲಿಲ್ಲ.

ಅಕ್ಕ ಮತ್ತೆ ಕೆಲವು ವರ್ಷ ಬದುಕಿದ್ದರು. ಯಂತ್ರ ಸಾಹೇಬರ ಮನೆಗೆ ಹೋಯಿತು. ಟೇಪಿನ ಸುರುಳಿಯನ್ನು ಅವರು ನಮಗೇ ಬಿಟ್ಟರು. ಸೊಪ್ಪು ಹಾಕುವಾಗ ಹಾಡುವವಳು ನಾನಾದೆ. ಪಿಯಾನೋದ ಜೊತೆ ಕಲಿತ ನನ್ನ ದನಿ ಆ ಹಾಡಿಗೆ ಬಗ್ಗುತ್ತಿರಲಿಲ್ಲ. ತಪ್ಪಿದಲ್ಲಿ ಅಕ್ಕ ತಟ್ಟೆಯ ಅಂಚನ್ನು ಬೆರಳಿನಿಂದ ಕುಟ್ಟುತ್ತಿದ್ದರು, ಸರಿ ಬಂದಾಗ ಸುಮ್ಮನೆ ಸೊಪ್ಪು ಹರಡುತ್ತಿದ್ದರು. ಇಂದಿಗೂ ನಾನು ತಪ್ಪುತ್ತಿದ್ದ ಆ ಸಾಲುಗಳನ್ನು ಹಾಡುವಾಗ ಕುಟ್ಟುವ ಸದ್ದಿಗಾಗಿ ಒಂದು ಗಳಿಗೆ ನಿಲ್ಲುತ್ತೇನೆ. ಕೇಳಿ ತಿದ್ದಲು ಯಾರೂ ಇಲ್ಲವೆಂಬುದು ಆಮೇಲೆ ನೆನಪಾಗುತ್ತದೆ.

ಅಕ್ಕ ಬಸ್ಸು ಹತ್ತಿದ ಆ ದಿನ ಸಂಜೆ ನಡೆದದ್ದು ಇಷ್ಟು. ಹುಳುಮನೆಯಲ್ಲಿ ನಾನೊಬ್ಬಳೇ ಇದ್ದೆ. ಸೊಪ್ಪು ಹಾಕುತ್ತಿದ್ದೆ, ಹುಳುಗಳು ಮೇಯುತ್ತಿದ್ದವು, ಆದರೂ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ. ಯಂತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಳಗೆ ತಂದೆ. ಅಕ್ಕ ನಿಂತು ಹಾಡಿದ ಜಾಗದಲ್ಲೇ ಇಟ್ಟು, ಹೋಲ್ಡರಿಗೆ ವೈರು ಸಿಕ್ಕಿಸಿ ಗುಂಡಿ ಒತ್ತಿದೆ. ಯಂತ್ರದೊಳಗಿನ ಹುಳುಗಳ ಸರಸರ ತಟ್ಟೆಯ ಹುಳುಗಳ ಸರಸರದೊಡನೆ ಬೆರೆತುಹೋಯಿತು. ಅದರ ಮೇಲೆ ಹಾಡು ಎದ್ದಿತು. ನಾನು ಸೊಪ್ಪನ್ನು ಎದೆಗವಚಿಕೊಂಡು ನಿಂತುಬಿಟ್ಟೆ.

ಆಗ ಹಿತ್ತಲ ಗೋಡೆಯಾಚೆ ಬಳೆಯ ಸದ್ದಾಯಿತು. ಪಕ್ಕದ ಮನೆಯಜ್ಜಿ, ಚಿಂತಾಮಣಿಯಲ್ಲಿದ್ದ ಮಗಳ ಬಾಣಂತನಕ್ಕೆಂದು ಹೋಗಿದ್ದವರು, ಆಗತಾನೆ ಬಸ್ಸಿಳಿದು ಬಂದಿದ್ದರು. ಅಕ್ಕ ಹೊರಟದ್ದಾಗಲಿ, ನಮ್ಮ ಮನೆಗೆ ಹಾಡು ಹಿಡಿಯುವ ಪೆಟ್ಟಿಗೆ ಬಂದದ್ದಾಗಲಿ ಅವರಿಗೆ ತಿಳಿದಿರಲಿಲ್ಲ. ಗೋಡೆಯ ಮೇಲಿಂದ ಒಂದು ಖಾಲಿ ಬಟ್ಟಲು ಮಾತ್ರ ಕಾಣಿಸಿತು.

"ಏಮಮ್ಮಾ, ಗಂಟಲು ವಾಸಿಯಾದಂಗೈತೆ ನಿಮ್ಮಕ್ಕಂಗೆ! ಸೊಪ್ಪು ಹಾಕಿದ್ದಾದ್ಮೇಲೆ ಒಂಚೂರು ಹೆಪ್ಪು ಕೊಡೋಕೆ ಹೇಳಮ್ಮ ಅವಳಿಗೆ."