ಇಬ್ಬರು ಹಿರಿಯರ ಸಹಿ

ಇವತ್ತು ಬೆಳಿಗ್ಗೆ ಹಾಲು ಕಾಯಿಸಿ, ಇವರಿಗೆ ಬಿ.ಪಿ. ಮಾತ್ರೆ ಕೊಟ್ಟು, ಬಾಲ್ಕನಿಯ ತುಳಸಿಗೆ ನೀರು ಹಾಕಿದ ಮೇಲೆ ಹೊಸ ಹುಣಸೆಹಣ್ಣು ಬಿಡಿಸಲು ಕೂತೆ. ಒಂದೆರಡು ಬೀಜ ಜಾರಿ ಮೇಜಿನ ಮೇಲಿದ್ದ ಗ್ಯಾಸಿನ ರಸೀದಿಯ ಮೇಲೆ ಬಿದ್ದವು. ಕಂದು ಬಣ್ಣದ, ನುಣುಪಾದ ಬೀಜಗಳು... ಅಚ್ಚಾದ ಕಾಗದದ ಮೇಲೆ ಹುಣಸೆಬೀಜ ಕಂಡರೆ ನನಗೆ ಈಗಲೂ ಮೇಲಿನ ಮನೆಯ ಕಾಕಾ ನೆನಪಾಗುತ್ತಾರೆ.

ನಾವು ಕೂಕಟ್‌ಪಲ್ಲಿಯ ಈ ಫ್ಲಾಟಿಗೆ ಬಂದ ಹೊಸತು. ಸಾಫ್ಟ್‌ವೇರ್ ಕಂಪನಿಗಳ ಬಿಳಿ ಕ್ಯಾಬುಗಳು ನಮ್ಮ ಗಲ್ಲಿಯಲ್ಲಿ ಹಾರ್ನ್ ಹಾಕಲು ಶುರುಮಾಡಿದ್ದ ಕಾಲ. ಕಾಕಾ ಮಾತ್ರ ಹಳೆಯ ಸ್ಕೂಟರಿನಲ್ಲಿ ಸನತ್‌ನಗರಕ್ಕೆ ಹೋಗುತ್ತಿದ್ದರು. ಅಲ್ಲಿನ ಸಣ್ಣ ಕಾರ್ಖಾನೆಗಳ ತೆರಿಗೆ ಕೆಲಸ ಅವರದು. ತೆರಿಗೆ ಇಲಾಖೆಯ ಮುಂದೆ ಮಾಲೀಕರ ಪರವಾಗಿ ನಿಂತು ಮಾತಾಡಲು ಸರ್ಕಾರದ ಲೈಸೆನ್ಸ್ ಇತ್ತು. ಕಲಬುರಗಿ ಕಡೆಯವರು. ಕಚೇರಿಯಲ್ಲಿ ತೆಲುಗು, ಕಾರ್ಖಾನೆಯಲ್ಲಿ ಹಿಂದಿ, ನಮ್ಮ ಮೆಟ್ಟಿಲು ಹತ್ತುತ್ತಲೇ ಕನ್ನಡ.

ಒಂದು ವರ್ಷ ಇಲಾಖೆಯವರು, ಲೈಸೆನ್ಸ್ ನವೀಕರಣದ ಅರ್ಜಿಯನ್ನು ಸರಳ ಮಾಡುತ್ತೇವೆ, ಸಲಹೆ ಕೊಡಿ ಎಂದು ಲೈಸೆನ್ಸ್ ಇದ್ದವರನ್ನೆಲ್ಲ ಕೇಳಿದರು. ಉಳಿದವರು ಆ ಸುತ್ತೋಲೆಯನ್ನು ಮಡಚಿಟ್ಟರೇನೋ. ಕಾಕಾ ಅರ್ಜಿ ಹಿಡಿದು ನೇರ ನನ್ನ ಅಡುಗೆಮನೆಗೇ ಬಂದರು.

"ನೀ ಕಾನ್ವೆಂಟಿನ್ಯಾಗ ಓದಿದಾಕಿ. ಇದನ್ನ ತುಂಬು ನೋಡೂಣು. ನೀನೇ ಎಡವಿದಿ ಅಂದ್ರ ಬಾಕಿದವರ ಗತಿ ಏನು?"

ನಾನು ತುಂಬುತ್ತಾ ಹೋದೆ. ಪೆನ್ನು ಎಲ್ಲಿ ತಡವರಿಸಿತೋ ಆ ಪ್ರಶ್ನೆಯ ಮೇಲೆ ಅವರು ಒಂದು ಹುಣಸೆಬೀಜ ಇಡುತ್ತಿದ್ದರು. ಒಂದೇ ವಿಳಾಸವನ್ನು ಎಷ್ಟು ಕಡೆ ಕೇಳಿದ್ದರು! ಮುಗಿಯುವಷ್ಟರಲ್ಲಿ ಆ ಅರ್ಜಿ ಚೌಕಾಬಾರ ಆಡಲು ಹಾಸಿಟ್ಟ ಹಾಗೆ ಕಾಣುತ್ತಿತ್ತು.

"ಹುಣಸಿಹಣ್ಣು ತಂದದ್ದು ಸಾರಿಗೆ ರೀ, ಸರಕಾರಕ್ಕಲ್ಲ!" ಎಂದು ಅವರ ಹೆಂಡತಿ, ನಮ್ಮ ಕಾಕಿ, ಮೇಲಿನಿಂದಲೇ ಕೂಗುತ್ತಿದ್ದರು.

ಬೀಜ ಕೂತ ಪ್ರಶ್ನೆಗಳನ್ನು ಕಾಕಾ ತಿದ್ದಿದರು, ಒಂದರೊಳಗೊಂದು ಸೇರಿಸಿದರು, ಹೊಡೆದುಹಾಕಿದರು. ಅಷ್ಟುದ್ದದ ಅರ್ಜಿ ಒಂದೇ ಹಾಳೆಗೆ ಇಳಿಯಿತು. ಕೊನೆಯ ಸಾಲನ್ನು ಮಾತ್ರ ಅವರು ಮುಟ್ಟಲಿಲ್ಲ. ಅರ್ಜಿದಾರರಿಗಿಂತ ಹಿರಿಯರಾದ ಇಬ್ಬರು ಲೈಸೆನ್ಸ್‌ದಾರರ ಸಹಿ ಬೇಕು ಎಂಬ ಸಾಲು ಅದು.

"ಇದೂ ಬ್ಯಾಡಲ್ಲ ಕಾಕಾ?" ಎಂದೆ.

"ಅದಿರಲಿ ಬಿಡವ್ವಾ. ಅದು ಪ್ರಶ್ನಿ ಅಲ್ಲ, ನಮಸ್ಕಾರ."

ನವೀಕರಣ ಬಂದಾಗಲೆಲ್ಲ ಅವರು ಇಸ್ತ್ರಿ ಅಂಗಿ ಹಾಕಿಕೊಂಡು, ಪೇಡೆ ಕಟ್ಟಿಸಿಕೊಂಡು ಬೇಗಂಪೇಟೆಯ ಇಬ್ಬರು ಹಿರಿಯರ ಮನೆಗೆ ಹೋಗುತ್ತಿದ್ದರು. ಚಹಾ ಕುಡಿದು, ಬೈಸಿಕೊಂಡು, ಕಾಲಿಗೆರಗಿ ಸಹಿ ತರುತ್ತಿದ್ದರು. ಆ ಸಾಲನ್ನು ಹಾಗೇ ಉಳಿಸಿ ಸಲಹೆ ಕಳಿಸಿದರು.

ಕೆಲವೇ ತಿಂಗಳಲ್ಲಿ ಅವರ ಲೈಸೆನ್ಸಿನ ಅವಧಿಯೇ ಮುಗಿಯುತ್ತ ಬಂತು. ಆ ಹಿರಿಯರಲ್ಲಿ ಒಬ್ಬರು ಹಿಂದಿನ ವರ್ಷ ತೀರಿಕೊಂಡಿದ್ದರು. ಇನ್ನೊಬ್ಬರು ಆ ಬೇಸಿಗೆಯಲ್ಲಿ ಹೋದರು. ಹುಡುಕಿದರೆ, ಆ ಕಚೇರಿಯ ವ್ಯಾಪ್ತಿಯಲ್ಲಿ ಕಾಕಾಗಿಂತ ಹಿರಿಯರು ಯಾರೂ ಉಳಿದೇ ಇರಲಿಲ್ಲ...

"ನಿಮಗಿಂತ ಸೀನಿಯರ್‌ನ ಕರ್ಕೊಂಡ್ ಬರ್ರಿ ಅಂತಾನ ಕೌಂಟರಿನಾಂವ. ಸ್ಮಶಾನಕ್ಕ ಹೋಗಿ ಎಬ್ಬಿಸಿ ತರಲೇನು?" ಎಂದು ಕಾಕಾ ನಕ್ಕರು. ಕಾಕಿ ನಗಲಿಲ್ಲ.

ಕಾಕಾ ಅವರ ಕೈಕೆಳಗೆ ಕೆಲಸ ಕಲಿತು ಲೈಸೆನ್ಸ್ ಪಡೆದವರೊಬ್ಬರು ಮನೆಗೇ ಬಂದರು. "ನಾ ಸಹಿ ಮಾಡ್ತೀನಿ ಸರ್. ಯಾರ್ ನೋಡ್ತಾರ್ರೀ?"

"ನೀ ನನಗ ಹಿರಿಯ ಅಂತ ಬರೀತಿಯೇನೋ? ನಿನಗ ನೋಟೀಸ್ ಓದೂದು ಕಲಿಸಿದಾಂವ ನಾನು!"

ಹಾಗಾದರೆ ಆ ಸಾಲು ತೆಗೆಯಲು ಇಲಾಖೆಗೆ ಈಗಲಾದರೂ ಬರೆಯಿರಿ ಎಂದು ನಾನು ಹೇಳಿ ನೋಡಿದೆ. ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ ಕೂತರು. "ಈಗ ಬರದ್ರ, ತನ್ನ ಬುಡಕ್ಕ ಬಂದ ಮ್ಯಾಲೆ ಮುದುಕಗ ಬುದ್ಧಿ ಬಂತು ಅಂತಾರ." ಬರೆಯಲಿಲ್ಲ.

ಲೈಸೆನ್ಸ್ ಹೋಯಿತು. ಫೈಲುಗಳನ್ನು ಹಳೆಯ ಧೋತರದಲ್ಲಿ ಕಟ್ಟಿ ಆ ಶಿಷ್ಯರಿಗೇ ಒಪ್ಪಿಸಿದರು. ಆಮೇಲೂ ಸನತ್‌ನಗರದವರು ನೋಟೀಸ್ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ಕಾಕಾ ಬಾಗಿಲಲ್ಲೇ ನಿಂತು ಉತ್ತರ ಹೇಳುತ್ತಿದ್ದರು, ಬರೆದು ಕೊಡುತ್ತಿರಲಿಲ್ಲ. ಬರಬರುತ್ತ ಅವರೂ ಬರುವುದು ಬಿಟ್ಟರು. ಮಧ್ಯಾಹ್ನಗಳಲ್ಲಿ ಮೇಲಿನಿಂದ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು. ಬಾಲ್ಕನಿಗೆ, ಮತ್ತೆ ಒಳಗೆ, ಮತ್ತೆ ಬಾಲ್ಕನಿಗೆ... ಅದನ್ನು ಕೇಳುತ್ತಾ ನಾನು ಕೆಳಗೆ ಅಕ್ಕಿ ಆರಿಸುತ್ತಿದ್ದೆ.

ಕೊನೆಗೆ ಕಾಕಿ ಅವರನ್ನು ಕಲಬುರಗಿಗೆ, ತಮ್ಮನ ಮನೆಯ ಹತ್ತಿರ ಕರೆದುಕೊಂಡು ಹೋದರು. ಹೊಸ ಅರ್ಜಿ ಬಂದದ್ದು ಕಾಕಾ ತೀರಿಕೊಂಡ ಮೇಲೆ. ಅದರಲ್ಲಿ ಅವರ ಸಲಹೆ ಎಷ್ಟಿತ್ತೋ ನನಗೆ ಗೊತ್ತಿಲ್ಲ. ಹಿರಿಯರ ಸಹಿಯ ಸಾಲು ಮಾತ್ರ ಇರಲಿಲ್ಲ ಎಂದು ಶಿಷ್ಯರು ಹೇಳಿದರು. ಅದೊಂದು ಸಾಲು ಸ್ವಲ್ಪ ಮೊದಲೇ ಹೋಗಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಆದರೆ ಪೇಡೆಯ ಪೊಟ್ಟಣ ಹಿಡಿದು ಹೊರಡುವಾಗಿನ ಅವರ ಮುಖ ನೆನೆದರೆ, ಹಾಗೆ ಅಂದುಕೊಳ್ಳಲೂ ಮನಸ್ಸು ಬರುವುದಿಲ್ಲ.

ಇವತ್ತು ಸಂಜೆ ಎದುರು ಫ್ಲಾಟಿನ ಹುಡುಗಿ ಕರಿಬೇವು ಕೇಳಲು ಬಂದಳು. ರಾಯಚೂರಿನವಳು, ಅವಳದೂ ತೆರಿಗೆಯದೇ ಕೆಲಸ.

"ರಿನ್ಯೂವಲ್ ಮುಗೀತ್ರಿ ಆಂಟಿ, ಲಿಫ್ಟಿನ್ಯಾಗ ಮ್ಯಾಲೆ ಬರೂದ್ರಾಗ!" ಎಂದು ಮೊಬೈಲು ತೋರಿಸಿದಳು.

"ಹಿರಿಯರ ಸಹಿ ಏನೂ ಕೇಳಲಿಲ್ಲವಾ?" ಎಂದೆ.

"ಪುಣ್ಯಕ್ಕ ಕೇಳಂಗಿಲ್ರಿ," ಎಂದಳು, ಕರಿಬೇವು ಮೂಸುತ್ತಾ. "ಕೇಳಿದ್ರ ಯಾರನ್ನ ತರಲಿ? ಈ ಲೈನಿನ್ಯಾಗ ಹಿರಿಯರು ಅಂತ ನಂಗ್ಯಾರೂ ಗೊತ್ತೇ ಇಲ್ಲ."