ರೆಕ್ಕೆ ಒಂದೋ, ಎರಡೋ

ಮಧುಗಿರಿಯಲ್ಲಿ ವಿಮಾನದ ಮಹಾಲಿಂಗಯ್ಯನವರ ಮನೆ ಯಾವುದೆಂದು ಕೇಳಿದರೆ ಅವರ ಎತ್ತುಗಳೂ ಅತ್ತ ಕೊಂಬು ತಿರುಗಿಸುತ್ತಿದ್ದವು. ತಮ್ಮ ಕೊಟ್ಟಿಗೆಯನ್ನು ಆ ವಿಮಾನ ಕಿತ್ತುಕೊಂಡದ್ದನ್ನು ಅವು ಮರೆತಿರಲಿಲ್ಲ. ಬಾಲವೂ ಚಕ್ರವೂ ಹಳೆಯ ಮೋಟಾರಿನ ಎಂಜಿನ್ನೂ ಸಿದ್ಧವಾಗಿ ವರ್ಷಗಳೇ ಸಂದಿದ್ದವು. ರೆಕ್ಕೆ ಮಾತ್ರ, ಮೇಲೊಂದೇ ಅಡ್ಡರೆಕ್ಕೆ ಸಾಕೋ, ಅದರ ಕೆಳಗೆ ಇನ್ನೊಂದೂ ಬೇಕೋ ಎಂದು ತೀರ್ಮಾನವಾಗಿರಲಿಲ್ಲ. ಊಟಕ್ಕೆ ಕುಳಿತರೆ ರಾಗಿಮುದ್ದೆಯ ಮೇಲೊಂದು ಹಪ್ಪಳವಿಟ್ಟು ನೋಡುವರು, ಕೆಳಗಿನ್ನೊಂದನ್ನು ಸಿಕ್ಕಿಸುವರು, ಸಾರು ಆರಿದ ಮೇಲೆ ಎರಡನ್ನೂ ತಿಂದು, "ರೆಕ್ಕೆ ಆತುರದ ಕೆಲಸ ಅಲ್ಲ ಕಣೇ" ಎನ್ನುವರು. ವೀರಭದ್ರನ ಗುಡಿಯಲ್ಲಿ ಹೂ ಕೇಳಿದರು. ಬಲಗಡೆಯ ಹೂ ಬಿದ್ದು ಒಂದೇ ರೆಕ್ಕೆಯೆಂದು ಅಪ್ಪಣೆಯಾದಾಗ, ಸ್ವಾಮಿಗೆ ಗಾಳಿಯ ಲೆಕ್ಕ ತಿಳಿಯದೆಂದು ಎದ್ದು ಬಂದರು. "ಅಯ್ನೋರೇ, ಒಂದೋ ಎರಡೋ ಹೇಳ್ಬುಡಿ, ನನ್ನ ಗಡ್ಡ ಬೆಳ್ಳಗಾಯ್ತು" ಎಂದು ಸಿರಾದ ಬಡಗಿ ಹಬೀಬ್ ಸಾಬರು ಗರಗಸ ಹಿಡಿದು ಗೋಗರೆಯುತ್ತಿದ್ದರು. ಗಂಡನಿಗೆ ಹಾರುವ ಧೈರ್ಯವಿಲ್ಲವೆಂದೇ ಹೆಂಡತಿ ಸರ್ವಮಂಗಳಮ್ಮ ನಂಬಿದ್ದರು. ಒಂದು ಮಧ್ಯಾಹ್ನ ಮಜ್ಜಿಗೆ ತಂದಾಗ, ಗಂಡ ಬಡಗಿಯೊಡನೆ ಪಿಸುಗುಟ್ಟಿದ್ದು ಕಿವಿಗೆ ಬಿತ್ತು: "ಒಂದೇ ರೆಕ್ಕೆ ಒಬ್ಬನ್ನೇ ಎತ್ತೋದು ಸಾಬರೇ. ಎರಡಿದ್ರೆ ನಮ್ಮೋಳನ್ನೂ ಕೂರಿಸ್ಕೋಬೋದು, ಆದ್ರೆ ಕೆಳಗಿನ ರೆಕ್ಕೆ ಅಡ್ಡ ಬಂದು ಅವಳಿಗೆ ಬೆಟ್ಟದ ನೆತ್ತಿ ಕಾಣಕ್ಕಿಲ್ವಲ್ಲ." ಹುಟ್ಟಿನಿಂದ ಕಾಲು ಸೊಟ್ಟಗಿದ್ದ ಸರ್ವಮಂಗಳಮ್ಮ, ಊರಿನ ತಲೆಯ ಮೇಲೇ ನಿಂತ ಆ ಬೆಟ್ಟವನ್ನು ಎಂದೂ ಹತ್ತಿದವರಲ್ಲ. ಅವರು ಮಜ್ಜಿಗೆಯ ಚೊಂಬನ್ನು ಕುಕ್ಕಿ ಇಟ್ಟರು. "ಸಾಬರೇ, ಎರಡು ಕೊಯ್ಯಿರಿ. ನಾನು ಬಗ್ಗಿ ನೋಡ್ಕೋತೀನಿ. ಸೊಟ್ಟಗಿರೋದು ನನ್ನ ಕಾಲು, ಕತ್ತಲ್ಲ."